ವೆಸ್ಟ್ರೇ–ಪಾಪಾ ವೆಸ್ಟ್ರೇ ಯಾನಕಾಲ ಮೀಮಾಂಸೆ

ಎರಡು ವಿಮಾನ ನಿಲ್ದಾಣಗಳ ಅಂತರ ತಿಳಿದರೆ ಪ್ರಯಾಣದ ವೇಳೆಯನ್ನು ಹೇಳಿಬಿಡುವ ಸೂತ್ರವೊಂದು ಬಳಕೆಯಲ್ಲಿದೆ. ಅಂತರವನ್ನು ಗಂಟೆಗೆ 800 ಕಿ.ಮೀ. ಲೆಕ್ಕದಲ್ಲಿ ಭಾಗಿಸುವುದು, ಏರಿ ಇಳಿಯುವುದಕ್ಕೆಂದು ಮೇಲೆ ಅರ್ಧ ಗಂಟೆ ಕೂಡಿಸುವುದು. ದೆಹಲಿ, ಲಂಡನ್ನುಗಳ ಮಟ್ಟಿಗೆ ಇದು ಗಟ್ಟಿಮುಟ್ಟಾಗಿಯೇ ಇದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಗೆ ಬಂದರೆ ಮಾತ್ರ ಅದಕ್ಕೆ ವಾತ ಹಿಡಿಯುತ್ತದೆ. ಆ ವಾತದ ನಿದಾನವೇ ಈ ಪ್ರಬಂಧದ ವಿಷಯ.

ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ ಆಕಾಶಮಾರ್ಗ 2.7 ಕಿ.ಮೀ. ಸೂತ್ರಕ್ಕೆ ಉಣಿಸಿದರೆ ಹೊರಬೀಳುವ ಉತ್ತರ 30 ನಿಮಿಷ 12 ಸೆಕೆಂಡು. ಲೋಗನೇರ್ ಸಂಸ್ಥೆ 1967ರಲ್ಲಿ ಆರಂಭಿಸಿದ ಈ ಯಾನಕ್ಕೆ ವೇಳಾಪಟ್ಟಿ ಕೊಡುವುದು ಎರಡೇ ನಿಮಿಷ. ಗಾಳಿ ಒಲಿದ ದಿನವೊಂದರಲ್ಲಿ ವಿಮಾನ 53 ಸೆಕೆಂಡಿಗೇ ಮುಟ್ಟಿದ್ದೂ ದಾಖಲೆಯಲ್ಲಿದೆ. ಹಾಗಾದರೆ ಉಳಿದ 29 ನಿಮಿಷ 19 ಸೆಕೆಂಡು ಎಲ್ಲಿ ಹೋಯಿತು? ಪ್ರಯಾಣಿಕರನ್ನು ಕೇಳೋಣವೆಂದರೆ ಅವರು ಆಗಲೇ ಮನೆ ಸೇರಿ ಚಹಾಕ್ಕೆ ನೀರಿಟ್ಟಿರುತ್ತಾರೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಭೂಮಿ ಗುಂಡಗಿದೆ, ಅದರ ಬಾಗನ್ನು ಲೆಕ್ಕ ಹಿಡಿದಿರಾ? ಹಿಡಿದಿದ್ದೇವೆ. ಎರಡೂ ನಿಲ್ದಾಣಗಳಿಗೆ ನೇರವಾಗಿ ದಾರ ಬಿಗಿದರೆ ನಟ್ಟನಡುವೆ ಭೂಮಿ ಅದಕ್ಕಿಂತ ಉಬ್ಬುವುದು 14 ಸೆಂ.ಮೀ., ಒಂದು ಗೇಣೂ ಇಲ್ಲ; ಆ ಕಡಲಿನ ಪುಟ್ಟ ಅಲೆಯೂ ಇದಕ್ಕಿಂತ ಎತ್ತರ. ಬಾಗಿದ ದಾರಿಗೂ ನೇರ ದಾರಿಗೂ ಇರುವ ವ್ಯತ್ಯಾಸ 0.02 ಮಿಲಿಮೀಟರ್. ತಲೆಗೂದಲು ಇದಕ್ಕಿಂತ ದಪ್ಪ. ಆದರೂ ನಾವು ಬಾಗಿದ ದಾರಿಯನ್ನೇ ಹಿಡಿದೆವು. ಶಾಸ್ತ್ರವೆಂದ ಮೇಲೆ ಕೂದಲು ಸೀಳದಿದ್ದರೆ ಹೇಗೆ?

ಎರಡನೆಯ ಆಕ್ಷೇಪ ವೇಗದ್ದು. ಇಲ್ಲಿ ಹಾರುವುದು ಎಂಟು ಜನ ಹಿಡಿಸುವ ಐಲ್ಯಾಂಡರ್ ವಿಮಾನ. ಪೈಲಟ್ಟಿನ ಪಕ್ಕದ ಸೀಟಿನಲ್ಲೂ ಪ್ರಯಾಣಿಕರು ಕೂರುವುದುಂಟು. ಸೂತ್ರದ ಮನಸ್ಸಿನಲ್ಲಿರುವುದೋ ಜೆಟ್. ಅದು ಇಲ್ಲಿಂದ ಎದ್ದರೆ ಚಕ್ರ ಮಡಚುವಷ್ಟರಲ್ಲಿ ಪಾಪಾ ವೆಸ್ಟ್ರೇ ಬೆನ್ನ ಹಿಂದೆ ಬಿದ್ದಿರುತ್ತದೆ. ಅಷ್ಟೇಕೆ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4 ಕಿ.ಮೀ. ಉದ್ದ. ಈ ಇಡೀ ಯಾನವನ್ನು ಅದರ ಮೇಲೆ ಹಾಸಿದರೂ 1,300 ಮೀಟರ್ ಮಿಗುತ್ತದೆ.

ಸೂತ್ರವನ್ನು ಕೈಬಿಡುವುದೇ ಸರಿಯೆಂದು ನಾವೂ ಒಮ್ಮೆ ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಇದೇ ಎರಡು ದ್ವೀಪಗಳ ನಡುವೆ ಒಂದು ದೋಣಿಯೂ ಓಡಾಡುತ್ತದೆ. ಕಡಲು ದಾಟಲು ಅದಕ್ಕೆ ಹಿಡಿಯುವುದು ಸುಮಾರು 25 ನಿಮಿಷ. ಹತ್ತುವುದಕ್ಕೂ ಇಳಿಯುವುದಕ್ಕೂ ಐದು ನಿಮಿಷ ಸೇರಿಸಿದರೆ ಸೂತ್ರಕ್ಕೂ ದೋಣಿಗೂ ಜಾತಕ ಕೂಡಿಬರುತ್ತದೆ. ಮಿಕ್ಕ 12 ಸೆಕೆಂಡು ಹಗ್ಗ ಬಿಚ್ಚುವುದಕ್ಕೆ.