ಖಾಲಿ ಡಬ್ಬಿಯ ಸಾಹುಕಾರ

ಹಳೆಯ ಕ್ಯಾಮೆರಾ ಕೂಡಿಡುವವರನ್ನು ಜನ ಹವ್ಯಾಸಿ ಅನ್ನುತ್ತಾರೆ. ಆ ಕ್ಯಾಮೆರಾ ಬಂದ ಡಬ್ಬಿಯನ್ನಷ್ಟೇ ಕೂಡಿಡುವ ನನ್ನನ್ನು ಏನನ್ನುತ್ತಾರೋ ಗೊತ್ತಿಲ್ಲ. ಅದನ್ನೆಲ್ಲ ಅವರು ನನ್ನ ಹೆಂಡತಿಯ ಹತ್ತಿರವೇ ಹೇಳುತ್ತಾರೆ.

"ರೀ, ಇದರೊಳಗೆ ಏನಿತ್ತು?"

"ಕ್ಯಾಮೆರಾ."

"ಈಗ?"

"ಈಗ ಡಬ್ಬಿ ಇದೆ."

ನನ್ನ ಆರಾಧ್ಯದೈವ ವಾಲ್ಟರ್ ಡೋರ್ವಿನ್ ಟೀಗ್. ಅಮೆರಿಕದಲ್ಲಿ ಕೈಗಾರಿಕಾ ವಿನ್ಯಾಸವನ್ನು ಒಂದು ವೃತ್ತಿಯಾಗಿ ನಿಲ್ಲಿಸಿದವರಲ್ಲಿ ಒಬ್ಬ. ಮೊದಲು ಜಾಹೀರಾತುಗಳ ಸುತ್ತ ಅಲಂಕಾರದ ಅಂಚು ಬರೆದೇ ಹೆಸರಾದವನು. ಒಡಲಿಗಿಂತ ಅಂಚು ನೋಡಿ ಸೀರೆ ಆರಿಸುವ ನಮ್ಮವರಿಗೆ ಇವನ ಹಿರಿಮೆ ಬಿಡಿಸಿ ಹೇಳಬೇಕಿಲ್ಲ. 1920ರ ದಶಕದ ಕೊನೆಗೆ ಕೊಡಾಕ್ ಕಂಪನಿ ಇವನನ್ನು ಕರೆಯಿತು. 1928ರಲ್ಲಿ ಹಕ್ಕಿಗಳ ಹೆಸರು ಹೊತ್ತ ಐದು ಬಣ್ಣಗಳಲ್ಲಿ ವ್ಯಾನಿಟಿ ಕೊಡಾಕ್ ಬಂತು. ಜೊತೆಗೆ ಅದೇ ಬಣ್ಣದ, ರೇಷ್ಮೆಯ ಒಳಪದರದ ಚೀಲ. 1930ರ ಬೋ ಬ್ರೌನಿಯಂತೂ ಬಾಕ್ಸ್ ಕ್ಯಾಮೆರಾ; ಅಂದರೆ ಅದೇ ಒಂದು ಡಬ್ಬಿ. ಅದರ ಮುಖಕ್ಕೆ ಟೀಗ್ ಎರಡು ಛಾಯೆಯ ಎನಾಮೆಲ್‌ನಲ್ಲಿ ರೇಖೆ, ವೃತ್ತಗಳನ್ನು ಕೂರಿಸಿದ. ಡಬ್ಬಿಗೇ ಇಷ್ಟು ಶೃಂಗಾರ ಮಾಡಿದವನ ಡಬ್ಬಿಯನ್ನು ನಾನು ಎತ್ತಿಟ್ಟುಕೊಂಡರೆ ತಪ್ಪೇ?

ಸಂಗ್ರಾಹಕರ ಲೋಕದಲ್ಲಿ ಮೂಲ ಡಬ್ಬಿ ಜೊತೆಗಿದ್ದರೆ ಕ್ಯಾಮೆರಾದ ಬೆಲೆ ಏರುತ್ತದೆ. ಕಾರಣ ಸರಳ: ಕೊಂಡವರು ಕ್ಯಾಮೆರಾ ಉಳಿಸಿಕೊಂಡರು, ರಟ್ಟು ಎಸೆದರು. ನನ್ನ ಆಸ್ತಿಯೆಲ್ಲ ಹೀಗೆ ಎಸೆದವರ ಪುಣ್ಯ. ಅವರೆಲ್ಲ ನಮ್ಮಮ್ಮನಂತಿದ್ದಿದ್ದರೆ ನಾನು ಮುಳುಗಿಹೋಗುತ್ತಿದ್ದೆ. ಅಮ್ಮ ಯಾವ ಡಬ್ಬಿಯನ್ನೂ ಎಸೆದವಳಲ್ಲ. ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದರೆ ಸೂಜಿ ದಾರ, ಮೈಸೂರುಪಾಕಿನ ಡಬ್ಬಿ ತೆರೆದರೆ ಕರೆಂಟ್ ಬಿಲ್ಲು. ಕೊಡಾಕ್ ಗಿರಾಕಿಗಳೂ ಹೀಗೇ ಮಾಡಿದ್ದರೆ ಟೀಗ್‌ನ ಡಬ್ಬಿಗಳೆಲ್ಲ ಉಳಿಯುತ್ತಿದ್ದವು, ಇಂಗಿನ ವಾಸನೆಯ ಸಮೇತ. ಕೇಳುವವರು ಮಾತ್ರ ಇರುತ್ತಿರಲಿಲ್ಲ.

ಇಡೀ ಸಂಗ್ರಹದಲ್ಲಿ ಅಮ್ಮನಿಗೆ ಹಿಡಿಸಿದ್ದು ಒಂದೇ: 1930ರ ಗಿಫ್ಟ್ ಕೊಡಾಕ್‌ನ ಪೆಟ್ಟಿಗೆ. ಕ್ಯಾಮೆರಾದ ಮೇಲಿದ್ದ ಚಿತ್ತಾರವನ್ನೇ ಮುಚ್ಚಳದ ಮೇಲೂ ಹೊತ್ತ ಸೀಡರ್ ಮರದ ಪೆಟ್ಟಿಗೆ. ಅಮ್ಮ ಚಿತ್ತಾರದ ಕಡೆ ಕಣ್ಣೆತ್ತಲಿಲ್ಲ. ಮುಚ್ಚಳ ತೆರೆದು ಮೂಸಿದಳು, ಬೆರಳಿನಿಂದ ಕುಟ್ಟಿದಳು.

"ಒಳ್ಳೇ ಮರ ಕಣೋ, ಹುಳ ಬೀಳಲ್ಲ. ಏಲಕ್ಕಿ ಹಾಕಿಡೋಕೆ ಕೊಡು."

ಟೀಗ್‌ನ ಕಲೆಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಮನ್ನಣೆ ಇದು. ಪೆಟ್ಟಿಗೆ ಈಗ ಬೀರುವಿನಲ್ಲಿ, ಬೀಗದೊಳಗಿದೆ. ಅಮ್ಮ ಇನ್ನೂ ಕೇಳುತ್ತಲೇ ಇದ್ದಾಳೆ. ಈಚೆಗೆ ಹೆಂಡತಿಯೂ ಅವಳ ಪಕ್ಷ ಸೇರಿದ್ದಾಳೆ.