ಪ್ರಾಯ ಸಂದ ಫೋನು

ಮಂಗಳೂರಿನ ಮೇ ತಿಂಗಳಲ್ಲಿ ಬೆವರದೆ ಬದುಕುವುದು ಫೋನು ಒಂದೇ. ಅದರ ಕಷ್ಟವೂ ಅದೇ. ಹೊರಗೆ 34 ಡಿಗ್ರಿ ಇರುವಾಗ ನಾವಾದರೆ ಬನಿಯನ್ ಕಳಚಿ ಫ್ಯಾನಿನಡಿ ಕೂರಬಹುದು. ಫೋನಿನೊಳಗೆ ಫ್ಯಾನಿಲ್ಲ, ಕಳಚುವುದಕ್ಕೆ ಇರುವುದು ಹಿಂದಿನ ಕವರ್ ಮಾತ್ರ. ಪ್ರೊಸೆಸರಿನ ಬಿಸಿಯೆಲ್ಲ ಅದರ ಮೈಯಿಂದಲೇ ಹೊರಬೀಳಬೇಕು, ಅಂದರೆ ನನ್ನ ಅಂಗೈಗೆ.

ಇಂಥ ಊರಲ್ಲಿ, ಇಂಥ ತಿಂಗಳಲ್ಲಿ, ಇಂಜಿನಿಯರಿಂಗ್ ಓದುವ ನನ್ನ ಅಳಿಯನಿಗೆ ಫೋನನ್ನು ಓವರ್‌ಕ್ಲಾಕ್ ಮಾಡುವ, ಅಂದರೆ ಅದರ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವ ಉಮೇದು ಬಂತು. ಅವನ ಫೋನನ್ನಲ್ಲ, ನನ್ನದನ್ನು. 2014ರಲ್ಲಿ ಕೊಂಡದ್ದು, ನಾಲ್ಕು ಕೋರು, 1.2 ಗಿಗಾಹರ್ಟ್ಸ್, 1 ಜಿಬಿ ರ‍್ಯಾಮ್.

“ಮಾವ, ಇದನ್ನು ಒಂದೂವರೆಗೆ ಏರಿಸುವ. ಎಂತ ಸಹ ಆಗುದಿಲ್ಲ.”

“ಎಂತ ಸಹ ಆಗುದಿಲ್ಲ ಅಂತಾದರೆ ಏರಿಸುವುದು ಎಂತಕ್ಕೆ ಮಾರಾಯ?”

ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಬೂಟ್‌ಲೋಡರಿನ ಬೀಗ ತೆಗೆದ, ರೂಟ್ ಮಾಡಿ ಫೋನಿನ ಪೂರ್ತಿ ಯಜಮಾನಿಕೆ ಕೈಗೆ ತೆಗೆದುಕೊಂಡ, ಚಿಪ್ಪನ್ನು ಆಳುವ ಕಂಪನಿಯ ಕರ್ನಲ್ ಕಿತ್ತು ಯಾವ ದೇಶದವನೋ ಬರೆದ ಕರ್ನಲ್ ಹಾಕಿದ.

ಕಂಪನಿಗಳು ಚಿಪ್ಪಿನ ವೇಗವನ್ನು ಒಂದಿಷ್ಟು ಹಿಡಿದಿಡುವುದು ಸುಳ್ಳಲ್ಲ. ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನು, 2008ರ ಎಚ್‌ಟಿಸಿ ಡ್ರೀಮ್, 528 ಮೆಗಾಹರ್ಟ್ಸ್‌ನ ಚಿಪ್ಪಿಟ್ಟುಕೊಂಡು 384ರಲ್ಲೇ ಓಡುತ್ತಿತ್ತು. ಒಟ್ಟಿಗೇ ತಯಾರಾದ ಚಿಪ್ಪುಗಳೂ ಒಂದೇ ತಾಕತ್ತಿನವಲ್ಲ. ಅವುಗಳಲ್ಲಿ ಬಡಕಲಾದದ್ದೂ ತಡೆದುಕೊಳ್ಳುವಂಥ ವೇಗವನ್ನು ಎಲ್ಲಕ್ಕೂ ಗೊತ್ತುಮಾಡುತ್ತಾರೆ. ಗಟ್ಟಿಮುಟ್ಟಾದ ಚಿಪ್ಪು ಸಿಕ್ಕಿದವನಿಗೆ ಮೇಲಕ್ಕೇರಲು ಜಾಗ ಉಂಟು. ಅಳಿಯನ ಗೆಳೆಯನ ಫೋನು 1.6 ಮುಟ್ಟಿತಂತೆ. ನನ್ನದು 1.6ರಲ್ಲಿ ಲೋಗೋ ತೋರಿಸಿ ಆರಿತು, ಮತ್ತೆ ತೋರಿಸಿ ಆರಿತು. ಜಾತಕದಲ್ಲಿ ಇದ್ದದ್ದು 1.5 ಮಾತ್ರ.

ಅದಾದರೂ ಪುಕ್ಕಟೆಯಲ್ಲ. ವೇಗ ಏರಿಸಿದರೆ ಸಾಮಾನ್ಯವಾಗಿ ವೋಲ್ಟೇಜೂ ಏರಿಸಬೇಕು. ಚಿಪ್ಪು ತಿನ್ನುವ ವಿದ್ಯುತ್ತು ವೇಗದಷ್ಟೇ ಅಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿಯೂ ಬೆಳೆಯುತ್ತದೆ. 1.2ರಿಂದ 1.5 ಎಂದರೆ ವೇಗ ಶೇಕಡಾ 25 ಹೆಚ್ಚು. ವೋಲ್ಟೇಜು ಬರೀ ಶೇಕಡಾ 10 ಏರಿದರೂ ಸಾಕು, ಖರ್ಚು ಒಂದೂವರೆ ಪಟ್ಟು, ಬಿಸಿಯೂ ಅಷ್ಟೇ. ಕಾಲು ಪಾಲು ಲಾಭಕ್ಕೆ ಅರ್ಧ ಪಾಲು ದಂಡ ಕಟ್ಟುವ ಈ ವ್ಯಾಪಾರವನ್ನು ಬಂದರಿನ ಯಾವ ಸಾಹುಕಾರನೂ ಒಪ್ಪಲಾರ.

ಮೊದಲೆರಡು ನಿಮಿಷ ಫೋನು ಹದಿಹರೆಯದ ಹಾಗೆ ಓಡಿದ್ದು ಹೌದು. ಅಳಿಯ ಬೆಂಚ್‌ಮಾರ್ಕಿನ ಅಂಕಿ ತೋರಿಸಿ, ಪರೀಕ್ಷೆಯಲ್ಲಿ ತಾನೇ ರ‍್ಯಾಂಕ್ ಬಂದವನಂತೆ ಬೀಗಿದ. ಆಮೇಲೆ ಒಳಗಿನ ತಾಪ ಮಿತಿ ದಾಟಿತು. ಚಿಪ್ಪು ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಂಡಿತು, ಅದೂ ಹಳೆಯ 1.2ಕ್ಕಿಂತ ಕೆಳಗೆ. ಊಟವಾದ ಮೇಲೆ ಒರಗುವ ನನ್ನ ಪಾಡನ್ನು ಟೀಕಿಸುತ್ತಿದ್ದ ಅಳಿಯ ಇದಕ್ಕೆ ಥ್ರಾಟ್ಲಿಂಗ್ ಎಂಬ ಗೌರವದ ಹೆಸರು ಕೊಟ್ಟ.

ಅಷ್ಟಕ್ಕೂ ನನ್ನ ಫೋನು ತಡವರಿಸುತ್ತಿದ್ದದ್ದು ಪ್ರೊಸೆಸರಿನಿಂದಲ್ಲ. 1 ಜಿಬಿ ರ‍್ಯಾಮಿಗೆ ಇವತ್ತಿನ ಆಪ್‌ಗಳು ಹಿಡಿಸುವುದಿಲ್ಲ, ತುಂಬಿ ತುಳುಕುವ ಸ್ಟೋರೇಜಿನಲ್ಲಿ ಬರೆಯುವ ಕೆಲಸ ತೆವಳುತ್ತದೆ. ಸ್ಟೇಟ್‌ಬ್ಯಾಂಕಿನಿಂದ ಹೊರಟ ಸಿಟಿ ಬಸ್ಸಿಗೆ ಎಂಥ ಇಂಜಿನ್ ಕೂರಿಸಿದರೂ ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ಅದು ನಿಲ್ಲಲೇಬೇಕಷ್ಟೆ.

ಬ್ಯಾಟರಿಯ ಕಥೆ ಹೇಳುವುದೇ ಬೇಡ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ಮುದಿ ಬ್ಯಾಟರಿಗಂತೂ ಕೇಳಬೇಡಿ. ನಿಜವಾದ ಮರ್ಯಾದೆ ಹೋದದ್ದು ಉರ್ವ ಮಾರುಕಟ್ಟೆಯಲ್ಲಿ. ಬಂಗುಡೆ ಕೊಂಡು ಹಣ ಕಳಿಸಹೊರಟರೆ, ರೂಟ್ ಆದ ಫೋನಿನಲ್ಲಿ ತಾನು ಕೆಲಸ ಮಾಡುವುದಿಲ್ಲವೆಂದು ಹಣ ಪಾವತಿಯ ಆಪ್ ಹಟ ಹಿಡಿಯಿತು. ಮೀನಿನ ಅಕ್ಕ ನನ್ನನ್ನೂ ಬಿಸಿ ಫೋನನ್ನೂ ಒಮ್ಮೆ ನೋಡಿ, “ಕ್ಯಾಶ್ ಉಂಟಾ ಅಣ್ಣಾ?” ಎಂದಳು. ಅವಳ ಕೈಯಲ್ಲಿದ್ದದ್ದು ನನ್ನದಕ್ಕಿಂತ ಹೊಸ ಫೋನು.

ಈಗ ಹಳೆಯ ಕರ್ನಲ್ ವಾಪಸು ಬಂದಿದೆ, ವೇಗ 1.2. ಹಳೆ ಫೋನು ಇರುವವರಲ್ಲಿ ನನ್ನದೊಂದು ಬಿನ್ನಹ: ಗಿಗಾಹರ್ಟ್ಸಿಗೆ ಕೈಹಾಕುವ ಮುಂಚೆ ವಾಟ್ಸಾಪಿನಲ್ಲಿ ವರ್ಷಗಳಿಂದ ಪೇರಿಸಿಟ್ಟ ಶುಭೋದಯದ ಚಿತ್ರಗಳನ್ನು ಅಳಿಸಿ, ಬ್ಯಾಟರಿ ಹೊಸತು ಹಾಕಿಸಿ. ಅಳಿಯಂದಿರು ಮನೆಗೆ ಬಂದರೆ ಕಾಫಿ ಕೊಡಿ, ಫೋನು ಕೊಡಬೇಡಿ.