ಮೂಗು ಬರುವ ಮೊದಲೇ ಲೈನ್ ಹೋಯಿತು

1998ರ ನವೆಂಬರಿನಲ್ಲಿ ಖಾಸಗಿಯವರೂ ಇಂಟರ್ನೆಟ್ ಮಾರಬಹುದು ಎಂದು ಸರ್ಕಾರ ಬಾಗಿಲು ತೆಗೆಯಿತು. ಅದರಿಂದ ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆಯ ನೆಮ್ಮದಿ ಹಾಳಾಗುತ್ತದೆ ಎಂದು ದೆಹಲಿಯಲ್ಲಿ ಯಾರಿಗೂ ಹೊಳೆದಂತಿಲ್ಲ. ಅಲ್ಲಿಯವರೆಗೆ ಜನಸಾಮಾನ್ಯರಿಗೆ ಇದ್ದದ್ದು ಸರ್ಕಾರಿ ಕಂಪನಿ ವಿಎಸ್ಎನ್ಎಲ್‌ನ ಇಂಟರ್ನೆಟ್ ಒಂದೇ, 1995ರ ಆಗಸ್ಟ್ 15ರಂದು ಶುರುವಾದದ್ದು. ಒಂದೇ ಇದ್ದಾಗ ಆರಿಸುವ ಕಷ್ಟವಿರಲಿಲ್ಲ. ಹತ್ತಾರು ಬಂದವು ನೋಡಿ, ನನ್ನ ತಲೆ ಕೆಟ್ಟಿತು.

ನಮ್ಮ ಕಡೆ ಕಂಪ್ಯೂಟರ್ ತಂದವರಲ್ಲಿ ನಾನು ಮೊದಲಿಗ ಎಂಬ ಜಂಬ ನನಗಿತ್ತು. ಅಡಿಕೆ ಲೆಕ್ಕ ಬರೆಯುವುದಕ್ಕೆ ಎಂದು ಹೆಂಡತಿಯನ್ನು ಒಪ್ಪಿಸಿ ತಂದದ್ದು. ಅಡಿಕೆ ಲೆಕ್ಕವನ್ನು ಅವಳು ಈಗಲೂ ಹಾಲಿನ ಡೈರಿಯ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯುತ್ತಾಳೆ. ನಾನು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತೇನೆ. ಒಬ್ಬನೇ ಆಡಿಯೂ ಸೋಲುವ ಕಲೆ ನನಗೆ ಸಿದ್ಧಿಸಿದ್ದು ಆಗಲೇ.

ಇಂಟರ್ನೆಟ್ ಬೇಕಾದದ್ದು ತಮ್ಮನಿಂದಾಗಿ. ಅವನು ಅಮೆರಿಕದಲ್ಲಿ ಮಗು ಹೆತ್ತುಕೊಂಡು, ಫೋಟೋ ಅಂಚೆಯಲ್ಲಿ ಹಾಕೋದು ಬೇಡ, ಮೇಲ್ ಮಾಡ್ತೀನಿ ಅಂದ. ಅಮ್ಮನಿಗೆ ಮೊಮ್ಮಗನ ಮುಖ ನೋಡುವ ಆತುರ.

ಪೇಟೆಯಲ್ಲಿ ಮಿಕ್ಸಿ, ಫ್ಯಾನು ಮಾರುವ ಅಂಗಡಿಯವರೇ ಇಂಟರ್ನೆಟ್ಟನ್ನೂ ಮಾರುತ್ತಿದ್ದರು. ಡಬ್ಬದೊಳಗೆ ಒಂದು ಸಿ.ಡಿ., ಒಂದು ಚೀಟಿ, ಚೀಟಿಯಲ್ಲಿ ಯೂಸರ್ ನೇಮು, ಕೆರೆದರೆ ಪಾಸ್‌ವರ್ಡು. "ಐವತ್ತಾರು ಕೆಬಿ ಗ್ಯಾರಂಟಿ ಸಾರ್" ಎಂದ ಅಂಗಡಿಯವ, ಮಿಕ್ಸಿಗೆ ಹೇಳುವ ದನಿಯಲ್ಲೇ. ನಾನು ಬಹಳ ತಿಳಿದವನಂತೆ ತಲೆಯಾಡಿಸಿದೆ. ಅದು ಐವತ್ತಾರು ಕಿಲೋಬಿಟ್ಟು, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಏಳೇ ಕಿಲೋಬೈಟು, ಅದೂ ಎಕ್ಸ್‌ಚೇಂಜು ಮಗ್ಗುಲಲ್ಲೇ ಇರುವವರಿಗೆ ಎಂಬುದು ಆಮೇಲೆ ತಿಳಿಯಿತು. ನಮ್ಮ ತಂತಿ ತೋಟ ದಾಟಿ, ಹಳ್ಳ ದಾಟಿ, ಹಲಸಿನ ಮರವೊಂದಕ್ಕೆ ಆತುಕೊಂಡು ಬರುವಂಥದ್ದು. 28.8 ಬಂದರೆ ಅಂದು ಹಬ್ಬ.

ಎಕ್ಸ್‌ಚೇಂಜಿನ ಬಗ್ಗೆ ಮಾತ್ರ ನಾನು ಹಗುರವಾಗಿ ಮಾತಾಡಲಾರೆ. ಹಳ್ಳಿಗಳಿಗಾಗಿ ಸರ್ಕಾರದ ಸಿ-ಡಾಟ್ ಸಂಸ್ಥೆ ಮಾಡಿದ 128 ಲೈನಿನ ಎಕ್ಸ್‌ಚೇಂಜು 1986ರಲ್ಲಿ ಮೊದಲು ನಿಂತದ್ದು ನಮ್ಮ ಕಿತ್ತೂರಿನಲ್ಲಿ. ಏ.ಸಿ. ಬೇಡ, ದೊಡ್ಡ ಕಟ್ಟಡ ಬೇಡ, ಧೂಳು ಸೆಖೆ ಎಲ್ಲ ತಡೆದುಕೊಳ್ಳುತ್ತಿತ್ತು. ನಮ್ಮೂರಿನದೂ ಅದೇ ವಂಶದ್ದು. ಅದು ಸರಿಯಾಗಿಯೇ ಇರುತ್ತಿತ್ತು. ಅಲ್ಲಿಂದ ಈಚೆಗೆ ಅಳಿಲು, ಅಡಿಕೆ ಸೋಗೆ ಮತ್ತು ನಾನು.

ನಾನು ಕೊಂಡ ಪ್ಯಾಕು ಎಲ್ಲಕ್ಕಿಂತ ಅಗ್ಗದ್ದು. ಆದರೆ ಆ ಕಂಪನಿಯ ನಂಬರ್ ಇದ್ದದ್ದು ಶಿವಮೊಗ್ಗದಲ್ಲಿ. ಅಂದರೆ ಇಂಟರ್ನೆಟ್ ತೆರೆದು ಕೂತಷ್ಟು ಹೊತ್ತೂ ಎಸ್‌ಟಿಡಿ ಓಡುತ್ತಿತ್ತು. ಬಿಲ್ ಬಂದ ದಿನ ಹೆಂಡತಿ ಅದನ್ನು ಎರಡು ಸಲ ಓದಿ, ಮೂಗಿಗಿಂತ ಮೂಗುತಿ ಭಾರ ಎಂದಷ್ಟೇ ಹೇಳಿ ಒಗ್ಗರಣೆಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಫೋಟೋ ಬಂತು. ಬಂತು ಅಂದರೆ ಬರತೊಡಗಿತು. ಆಗಿನ ಫೋಟೋಗಳು ಒಟ್ಟಿಗೆ ಬರುತ್ತಿರಲಿಲ್ಲ, ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿದ್ದವು. ಒಂದು ಎಂಬಿಗೆ ಐದು ನಿಮಿಷ, ದೇವರು ನಡೆಸಿದರೆ. ಅಮ್ಮ ಕನ್ನಡಕ ಒರೆಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೊದಲು ಬಿಳಿ ಗೋಡೆ. ಅದೂ ಸುಮಾರು ಹೊತ್ತು. "ಮನೆ ಚೊಲೋ ಉಂಟು" ಅಂದರು ಅಮ್ಮ. ಆಮೇಲೆ ಕೂದಲು. ಆಮೇಲೆ ಹಣೆ. "ಹಣೆ ಇವರ ಅಪ್ಪಯ್ಯಂದೇ" ಎಂದು ಅಮ್ಮ ತೀರ್ಪು ಕೊಟ್ಟರು. ಹುಬ್ಬು, ಕಣ್ಣು. ಇನ್ನು ಮೂಗು. ನಮ್ಮ ಮನೆತನದ ಮೂಗಿಗೆ ಒಂದು ಚರಿತ್ರೆಯಿದೆ. ನನ್ನದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಹೆಂಡತಿ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು, ಮಗು ಬಚಾವಾಗಿದೆಯೋ ಇಲ್ಲವೋ ನೋಡಲು. ಆ ಹೊತ್ತಿಗೆ ಸರಿಯಾಗಿ ಒಳಕೋಣೆಯ ಪ್ಯಾರಲಲ್ ಫೋನನ್ನು ನನ್ನ ಮಗ ಎತ್ತಿ "ಹಲೋ" ಅಂದ. ಕಿರ್‌ರ್ ಎಂದಿತು. ಲೈನು ಹೋಯಿತು.

ಮರುದಿನ ಗುಡುಗು ಮಳೆ. ಗುಡುಗಿದಾಗ ಫೋನಿನ ತಂತಿಯನ್ನೂ ಕೀಳಬೇಕು, ಇಲ್ಲವಾದರೆ ಮೋಡೆಮ್ ಸುಡುತ್ತದೆ. ನಾನು ಕರೆಂಟಿನ ಪ್ಲಗ್ಗು ಮಾತ್ರ ಕಿತ್ತು ಧನ್ಯನಾದೆ. ಹೊಸ ಮೋಡೆಮ್ ಬರುವವರೆಗೆ ಮಗುವಿನ ಮೂಗಿನ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾದವು.

ಹೊಸ ಮೋಡೆಮ್ಮಿಗೂ ಲೈನು ನಿಲ್ಲಲಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಟೆಲಿಫೋನ್ ಲೈನ್ ಸರಿಯಿಲ್ಲ ಸಾರ್." ಟೆಲಿಫೋನಿನವರಿಗೆ ಮಾಡಿದರೆ "ಈಗ ಮಾತಾಡ್ತಾ ಇದ್ದೀರಲ್ಲ, ಲೈನ್ ಸರಿಯಿದೆ. ಇಂಟರ್ನೆಟ್ ನಮ್ಮದಲ್ಲ." ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಮನುಷ್ಯರ ಮಾತಿಗೆ ಸಾಕಾಗುವ ತಂತಿ ಮೋಡೆಮ್ಮಿನ ಮಾತಿಗೆ ಸಾಕಾಗುವುದಿಲ್ಲ. ತಂತಿಯಲ್ಲಿ ಗರಗರ ಇದ್ದರೆ ನಾವು "ಆಂ? ಎಂಥದು?" ಎಂದು ಕೂಗಿ ಹೇಗೋ ಸುಧಾರಿಸುತ್ತೇವೆ. ಮೋಡೆಮ್ ಹೆಚ್ಚು ಹೊತ್ತು ಸುಧಾರಿಸುವುದಿಲ್ಲ, ಕೈ ಕೊಡುತ್ತದೆ.

ಬೇರೆ ಕಂಪನಿ ಹುಡುಕಲು ನಾನು ಜಾಹೀರಾತುಗಳನ್ನು ಕತ್ತರಿಸಿ, ಗಂಟೆಗಿಷ್ಟು ಎಂದು ಕೋಷ್ಟಕ ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಹೆಂಡತಿ ಅದನ್ನು ನೋಡಲೇ ಇಲ್ಲ. ಸಂಜೆ ಏಳಕ್ಕೆ, ಎಲ್ಲರೂ ಇಂಟರ್ನೆಟ್ಟಿಗೆ ಕೂರುವ ಹೊತ್ತಿಗೆ, ಸಾದಾ ಫೋನಿನಿಂದ ಒಂದೊಂದು ಕಂಪನಿಯ ಡಯಲಪ್ ನಂಬರನ್ನೇ ಒತ್ತಿದಳು. ಕಿವಿಗೆ ಕೀರಲು ಸದ್ದು ಬಂದರೆ ಅವರ ಹತ್ತಿರ ಲೈನ್ ಖಾಲಿ ಇದೆ. ಎಂಗೇಜ್ ಬಂದರೆ, ಇರುವ ಮೋಡೆಮ್ಮಿಗಿಂತ ಗಿರಾಕಿಗಳು ಬಹಳ. ಅದರಲ್ಲೂ ಎಂಗೇಜಿಗೆ ದುಡ್ಡು ಬೀಳುವುದಿಲ್ಲ, ಹಾಗಾಗಿ ಕೆಟ್ಟ ಕಂಪನಿಗಳ ಪರೀಕ್ಷೆ ಪುಕ್ಕಟೆಯಾಗಿ ಮುಗಿಯಿತು.

ಉಳಿದವರ ದೂರಿನ ನಂಬರಿಗೆ ಮಾಡಿ, "ನಮ್ಮ ಕಡೆ ಮಳೆ ಬಂದರೆ ಲೈನ್ ಹೋಗುತ್ತಾ?" ಎಂದು ಕೇಳಿದಳು. ಒಬ್ಬ, "ಇಲ್ಲವೇ ಇಲ್ಲ ಮೇಡಂ, ಇಪ್ಪತ್ನಾಲ್ಕು ಗಂಟೆ ಸರ್ವೀಸು" ಎಂದ. ಅವನನ್ನು ಹೊಡೆದು ಹಾಕಿದಳು. ಇನ್ನೊಬ್ಬ ಸ್ವಲ್ಪ ಯೋಚಿಸಿ, "ಹೋಗುತ್ತಮ್ಮ, ಮರ ಬಿದ್ದರೆ ನಾವೇನು ಮಾಡೋಕಾಗುತ್ತೆ? ಲೈನ್‌ಮನ್ನು ಗುರುತಿದ್ದಾರಾ ನಿಮಗೆ?" ಎಂದ. ಅವನ ಕಂಪನಿಯೇ ಆಯಿತು. ನಂಬರೂ 172ರಿಂದ ಶುರುವಾಗುವಂಥದ್ದು, ಲೋಕಲ್ ಕರೆಯ ದರ. ನನ್ನ ಕೋಷ್ಟಕದಲ್ಲಿ ಆ ಕಂಪನಿ ಕೊನೆಯಲ್ಲಿತ್ತು.

ಲೈನ್‌ಮನ್ ಗುರುತೂ ಅವಳದೇ. ಅವನ ಮಗಳು ಇವಳ ಹತ್ತಿರ ಗಣಿತ ಹೇಳಿಸಿಕೊಳ್ಳುತ್ತಿದ್ದಳು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸುತ್ತಲಿನ ಮಕ್ಕಳೆಲ್ಲ ರಿಜಿಸ್ಟರ್ ನಂಬರ್ ಹಿಡಿದು ನಮ್ಮ ಜಗಲಿಯಲ್ಲಿ. ಮೌಸು ಹೆಂಡತಿಯ ಕೈಲಿ. ಮೂರು ಸಲ ಲೈನು ಹೋದ ಮೇಲೆ ಲೈನ್‌ಮನ್ ಹೊರಗೆ ಹೋಗಿ ನೋಡಿ, ಹಲಸಿನ ಕೊಂಬೆ ತಂತಿಗೆ ತಾಗುತ್ತದೆ, ಯಾರಾದರೂ ಕೊಂಬೆಯನ್ನು ಎತ್ತಿ ಹಿಡಿದರೆ ಸಾಕು ಎಂದ. ಎಲ್ಲರೂ ನನ್ನನ್ನು ನೋಡಿದರು. ನಾನು ದೋಟಿ ತಂದು, ಕೊಂಬೆಗೆ ಕೊಟ್ಟು, ಕತ್ತು ಮೇಲೆ ಮಾಡಿ ನಿಂತೆ. ಕೆಂಜಿಗಗಳು ದೋಟಿಯ ಮೇಲಿಂದ ಇಳಿದು ಬರುತ್ತಿದ್ದವು.

"ರೀ, ಇನ್ನೂ ಸ್ವಲ್ಪ ಎತ್ತಿ," ಎಂದು ಕಿಟಕಿಯಿಂದ ಕೂಗು ಬಂತು, "ಕನ್ನಡ ಬಂತು, ಇಂಗ್ಲಿಷ್ ಬಂತು, ಗಣಿತ ಇಳೀತಾ ಇದೆ."